ಮದನಿಕೆಯ ನಡು, ಮಲ್ಲನ ಕಂಬ

ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುತ್ತಾಳೆ. ಅಲ್ಲಿನ ಗಳಗೇಶ್ವರ ಗುಡಿ 11ನೇ ಶತಮಾನದ್ದು, ಕಲ್ಯಾಣದ ಚಾಲುಕ್ಯರ ಕಾಲದ್ದು. ಅದೇ ತುಂಗಭದ್ರೆಯ ಆಚೆ ದಡದ ಕುರುವತ್ತಿಯಲ್ಲಿ ಮಲ್ಲಿಕಾರ್ಜುನನ ಬಾಗಿಲ ಕಂಬಗಳಿಗೆ ಮದನಿಕೆಯರು ಸೊಂಟ ಬಳುಕಿಸಿ ನಿಂತಿದ್ದಾರೆ. ಗುಡಿಯಲ್ಲಿ ಕುಣಿಯುವ ಪಾತ್ರದವರಿಗೆ ಬಿಟ್ಟ ಭೂಮಿಯ ಲೆಕ್ಕ ಆ ಕಾಲದ ಶಾಸನಗಳಲ್ಲಿ ಸಿಗುತ್ತದೆ. ಅವರ ಬೆನ್ನುನೋವಿನ ಸುದ್ದಿಯನ್ನು ಯಾರು ಕಲ್ಲಿನಲ್ಲಿ ಕೆತ್ತಿಸುತ್ತಾರೆ!

ಇದೇ ಚಾಲುಕ್ಯ ವಂಶದ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ನೃತ್ಯವೂ ಕುಸ್ತಿಯೂ ಅರಸನ ವಿನೋದಗಳು. ನೃತ್ಯವನ್ನು ಅವನು ಆರು ಬಗೆ ಮಾಡುತ್ತಾನೆ. ಮೈ ಬಗ್ಗಿಸಿ ಲಾಗ ಹಾಕುವ ‘ವಿಷಮ’ ಅದರಲ್ಲೊಂದು. ಮಲ್ಲರಿಗಂತೂ ಭಾರ ಎತ್ತುವ, ನಡೆಯುವ, ಈಜುವ, ಕಂಬ ಹತ್ತುವ ಸಾಮುಗಳಿವೆ. ಉಣ್ಣುವುದಕ್ಕೆ ಉದ್ದು, ಹಾಲು, ಮಾಂಸ.

ಕುಣಿಯುವವರ ಸಾಮಿಗೆ ಇನ್ನೂ ಹಿಂದಕ್ಕೆ, ಭರತನ ನಾಟ್ಯಶಾಸ್ತ್ರಕ್ಕೆ ಹೋಗಬೇಕು. ಎಳ್ಳೆಣ್ಣೆಯನ್ನೋ ಜವೆಗೋಧಿಯ ಗಂಜಿಯನ್ನೋ ಹಚ್ಚಿ ಮೈ ತಿಕ್ಕಿಸಿಕೊಂಡ ಮೇಲೆಯೇ ವ್ಯಾಯಾಮ. ಹಸಿದಾಗ, ಬಾಯಾರಿದಾಗ, ತೀರಾ ದಣಿದಾಗ, ಹೊಟ್ಟೆ ಬಿರಿಯೆ ಉಂಡಾಗ ಬೇಡ. ಎದೆ ಎತ್ತಿ ಮೈಯನ್ನು ಸಮವಾಗಿ ನಿಲ್ಲಿಸುವ ‘ಸೌಷ್ಠವ’ವೂ ಅಲ್ಲಿದೆ. ಇಂದಿನ ಫಿಸಿಯೋಥೆರಪಿಸ್ಟ್ ಮೊದಲು ನೋಡುವುದೂ ಈ ನಿಲುವನ್ನೇ. ಮಂಡಿಗಳನ್ನು ಹೊರಕ್ಕೆ ತಿರುಗಿಸಿ ಅರ್ಧ ಕೂರುವ ಭಂಗಿಯಾದ ಅರಮಂಡಿಯಲ್ಲಿ ತೊಡೆಯ ಕೀಲು ಸಾಕಷ್ಟು ಹೊರಳದಿದ್ದರೆ ಕೆಳಬೆನ್ನು ಒಳಕ್ಕೆ ಬಾಗಿ ಆ ಕೊರತೆ ತುಂಬುತ್ತದೆ. ನೋವು ಹಿಡಿಯುವುದು ಅಲ್ಲೇ.

ಕುಣಿತದ ಭಾರ ಬೆನ್ನಿನ ಕೆಳಗೂ ಇಳಿಯುತ್ತದೆ. ಅಲ್ಲಿ ಮೂತ್ರವನ್ನು ತಡೆಹಿಡಿಯುವ, ಗರ್ಭಕೋಶಕ್ಕೆ ಆಸರೆಯಾದ ಶ್ರೋಣಿತಳದ ಸ್ನಾಯುಗಳ ಅಭ್ಯಾಸ ಬೆಳೆದದ್ದು ಯೋಗಿಗಳ ಕಡೆ. 15ನೇ ಶತಮಾನದ ‘ಹಠಯೋಗ ಪ್ರದೀಪಿಕೆ’ ಆ ಭಾಗವನ್ನು ಬಿಗಿಹಿಡಿಯುವ ಮೂಲಬಂಧವನ್ನು ಹೇಳಿದ್ದು ಕೆಳಕ್ಕೆ ಹರಿಯುವ ಅಪಾನವಾಯುವನ್ನು ಮೇಲಕ್ಕೆ ಒಯ್ಯಲು. ಬಾಣಂತಿಯ ತೊಂದರೆ ಅದರ ಗೊಡವೆಯಲ್ಲ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಯೋಗಶಾಲೆಯಲ್ಲಿ ಕಲಿಸಿದ ಆಸನಗಳ ಜೊತೆಗೂ ಈ ಬಂಧ ಬಂತು. ಹೆರಿಗೆಯ ನಂತರ ಮೂತ್ರ ಸೋರುವ ಹೆಂಗಸರಿಗೆ ಅಂಥದ್ದೇ ಬಿಗಿತವನ್ನು ಚಿಕಿತ್ಸೆಯಾಗಿ 1948ರಲ್ಲಿ ಪ್ರಕಟಿಸಿದವರು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್.

ಜಿಗಿದಾಗ ಹೊಟ್ಟೆಯೊಳಗಿನ ಒತ್ತಡ ಈ ಸ್ನಾಯುಗಳ ಮೇಲೆಯೇ ಬೀಳುತ್ತದೆ. ಹೆರದ ಹುಡುಗಿಯರಿಗೂ ಕುಣಿಯುವಾಗ ಹನಿ ಸೋರುವುದುಂಟು, ನಾಚಿ ಹೇಳುವುದಿಲ್ಲ. ಹಾಗೆಂದು ಎಲ್ಲರಿಗೂ ಕೆಗೆಲ್ ಮದ್ದಲ್ಲ. ಸದಾ ಹೊಟ್ಟೆ ಬಿಗಿಹಿಡಿದು ಕುಣಿಯುವ ಕೆಲವರಲ್ಲಿ ಶ್ರೋಣಿತಳ ಮೊದಲೇ ಸೆಟೆದಿರುತ್ತದೆ. ಅವರಿಗೆ ಮೊದಲ ಪಾಠ, ಉಸಿರು ಹೊಟ್ಟೆಗಿಳಿಸಿ ಅದನ್ನು ಸಡಿಲ ಬಿಡುವುದು. ಬಿಗಿಯುವ ಸಾಮು ಆಮೇಲೆ.