ಅಂಚೆಯಲ್ಲಿ ಬೆಳೆದ ಸಂಗೀತ

ದೂರದೂರಿನಲ್ಲಿರುವ ಗೆಳೆಯನೊಡನೆ ಸಂಗೀತದ ಅಭ್ಯಾಸ ಮಾಡುವುದು ಅಂತರ್ಜಾಲದ ಕಾಲದ ಹೊಸ ಸಂಗತಿಯೆಂದು ನಾವು ಭಾವಿಸುತ್ತೇವೆ. ಆದರೆ ಸಂಗೀತ ರಚನಕಾರ ಯೊಹಾನೆಸ್ ಬ್ರಾಮ್ಸ್ ಮತ್ತು ಪಿಟೀಲು ವಾದಕ ಯೋಸೆಫ್ ಯೋವಾಕಿಮ್ ಅಂಚೆಯನ್ನೇ ನಂಬಿ ಇದನ್ನು ಮಾಡಿದ್ದರು.

1853ರಲ್ಲಿ ಪರಿಚಿತರಾದ ಇವರು, 1856ರಲ್ಲಿ ಕೌಂಟರ್‌ಪಾಯಿಂಟ್ ಅಭ್ಯಾಸಗಳನ್ನು ಬರೆದು, ಅಂಚೆಯಲ್ಲಿ ಕಳುಹಿಸಿ, ಪರಸ್ಪರ ತಿದ್ದತೊಡಗಿದರು. ತಡಮಾಡಿದವನು ದಂಡ ತೆರಬೇಕು. ಆ ಹಣದಿಂದ ಇನ್ನೊಬ್ಬನು ಪುಸ್ತಕ ಕೊಳ್ಳಬೇಕು! ನಮ್ಮ ಶಾಲೆಯಲ್ಲಿ ಈ ನಿಯಮವಿದ್ದಿದ್ದರೆ ನನ್ನ ಕಪಾಟು ಎಂದೋ ತುಂಬುತ್ತಿತ್ತು ಎಂಬುದನ್ನು ನೀವು ಒಪ್ಪುವಿರಿ.

1878ರ ಬೇಸಿಗೆಯಲ್ಲಿ ಬ್ರಾಮ್ಸ್ ಆಸ್ಟ್ರಿಯಾದ ಪೋರ್ಚಾಕ್ ಎಂಬ ಸರೋವರ ತೀರದ ಊರಿನಲ್ಲಿ ಪಿಟೀಲು ಕನ್ಸರ್ಟೊ ರಚಿಸುತ್ತಿದ್ದನು. ತಾನು ಪಿಯಾನೋ ವಾದಕನಾದುದರಿಂದ, ಪಿಟೀಲಿನ ಭಾಗವನ್ನು ಗೆಳೆಯನಿಗೆ ಕಳುಹಿಸಿ, ನುಡಿಸಲು ಕಷ್ಟವಾದುದನ್ನೂ ಅಸಾಧ್ಯವಾದುದನ್ನೂ ಗುರುತಿಸೆಂದು ಬೇಡಿದನು. ಬಂದ ತಿದ್ದುಪಡಿಗಳಲ್ಲಿ ಕೆಲವನ್ನು ಒಪ್ಪಿದನು, ಕೆಲವನ್ನು ಬಿಟ್ಟನು. 1879ರ ಜನವರಿ 1ರಂದು ಲೈಪ್‌ಜಿಗ್‌ನಲ್ಲಿ ಯೋವಾಕಿಮ್ ಅದನ್ನು ನುಡಿಸಿದನು.

ಪತ್ರಗಳಿಂದ ಬೆಳೆದ ಈ ಸ್ನೇಹ ಮುರಿದದ್ದೂ ಪತ್ರದಿಂದಲೇ. ಯೋವಾಕಿಮ್ ಪತ್ನಿಯನ್ನು ಶಂಕಿಸಿದಾಗ, ಬ್ರಾಮ್ಸ್ ಆಕೆಯ ಪರವಾಗಿ ಬರೆದ ಪತ್ರ ನ್ಯಾಯಾಲಯದಲ್ಲಿ ಸಾಕ್ಷ್ಯವಾಯಿತು. ಮಾತು ನಿಂತಿತು, ಆದರೂ ಯೋವಾಕಿಮ್ ಬ್ರಾಮ್ಸ್‌ನ ಕೃತಿಗಳನ್ನು ನುಡಿಸುವುದನ್ನು ಬಿಡಲಿಲ್ಲ.

1887ರಲ್ಲಿ ಬ್ರಾಮ್ಸ್ ಪಿಟೀಲು ಮತ್ತು ಚೆಲ್ಲೊ ಎರಡಕ್ಕೂ ಸೇರಿ ಒಂದು ಕನ್ಸರ್ಟೊ ಬರೆದು, ಮತ್ತೆ ಆ ಹಳೆಯ ಗೆಳೆಯನ ಸಲಹೆ ಕೇಳಿದನು. ಬಾಡೆನ್-ಬಾಡೆನ್‌ನಲ್ಲಿ, ಕ್ಲಾರಾ ಶೂಮನ್ ಸಮ್ಮುಖದಲ್ಲಿ, ಅಭ್ಯಾಸ ನಡೆಯಿತು. ಅದನ್ನು ಆಕೆ ಸಂಧಾನದ ಕೃತಿಯೆಂದು ಬಗೆದಳು.

ಕ್ಷಮೆ ಕೇಳಲು ಸಂಕೋಚವಾದಾಗ, 'ನನ್ನ ಬರಹವನ್ನು ತಿದ್ದಿಕೊಡು' ಎಂದು ಕೇಳುವುದೂ ಒಂದು ದಾರಿಯಿರಬಹುದು.