ಕರುಳಿನ ಬಳುವಳಿ: ಜಾನುವಾರು ಪ್ರೋಬಯೋಟಿಕ್ ನಡೆದುಬಂದ ದಾರಿ

ಹೇಂಟೆ ಕಾವು ಕೂತು ಮಾಡಿದ ಮರಿಗಳು ತಾಯಿಯ ಹಿಂದೆಯೇ ತಿಪ್ಪೆ ಕೆದಕುತ್ತ, ಹಿಕ್ಕೆ ಬಿದ್ದ ನೆಲವನ್ನು ಕುಕ್ಕುತ್ತ ಬೆಳೆಯುತ್ತವೆ. ಹಾಗೆಯೇ ತಾಯಿಯ ಕರುಳಿನ ಬ್ಯಾಕ್ಟೀರಿಯಗಳೂ ಅವುಗಳ ಹೊಟ್ಟೆ ಸೇರುತ್ತವೆ. ಹ್ಯಾಚರಿಯ ಮರಿಗೆ ತಾಯಿಯೇ ಇಲ್ಲ. ಆ ಬಳುವಳಿಯನ್ನು ಮರಳಿ ಕೊಡುವ ಪ್ರಯತ್ನವೇ ಪ್ರೋಬಯೋಟಿಕ್, ಅಂದರೆ ಹಿತಕಾರಿ ಸೂಕ್ಷ್ಮಜೀವಿಗಳ, ವಿಜ್ಞಾನದ ತಿರುಳು.

ಹುಳಿಹಾಲಿನ ಬ್ಯಾಕ್ಟೀರಿಯಗಳು ಆರೋಗ್ಯಕ್ಕೆ ಹಿತವೆಂದು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಇಲ್ಯಾ ಮೆಚ್ನಿಕೋಫ್ 20ನೇ ಶತಮಾನದ ಆರಂಭದಲ್ಲೇ ವಾದಿಸಿದ್ದರು. ಆದರೆ ಪಶುಸಾಕಣೆ ಬೇರೆ ದಾರಿ ಹಿಡಿಯಿತು. ಆ್ಯಂಟಿಬಯೋಟಿಕ್ ಬೆರೆತ ಮೇವು ತಿಂದ ಕೋಳಿಮರಿಗಳು ಬೇಗ ಮೈತುಂಬುತ್ತವೆಂದು 1950ರ ಹೊತ್ತಿಗೆ ಅಮೆರಿಕದಲ್ಲಿ ತಿಳಿದದ್ದೇ ತಡ, ಫೀಡ್‌ಗೆ ಔಷಧ ಬೆರೆಸುವುದು ರೂಢಿಯಾಯಿತು. ಔಷಧಕ್ಕೆ ಬಗ್ಗದ ರೋಗಾಣುಗಳು ಹುಟ್ಟುವ ಅಪಾಯವನ್ನು ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲಿ ಎತ್ತಿ ಹೇಳಿತು.

ತಿರುವು ಬಂದದ್ದು ಫಿನ್ಲೆಂಡಿನಿಂದ. 1971ರಲ್ಲಿ ಅಲ್ಲಿನ ಬ್ರಾಯ್ಲರ್ ಕೋಳಿಗಳಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಹಬ್ಬಿತ್ತು. ನುರ್ಮಿ ಮತ್ತು ರಂತಲ ಎಂಬ ವಿಜ್ಞಾನಿಗಳು ಬೆಳೆದ ಕೋಳಿಯ ಕರುಳಿನ ಸಾರವನ್ನು ಆಗತಾನೆ ಹುಟ್ಟಿದ ಮರಿಗಳಿಗೆ ಕುಡಿಸಿದರು. ಸಾಲ್ಮೊನೆಲ್ಲ ಅವುಗಳಲ್ಲಿ ಸುಲಭವಾಗಿ ನೆಲೆಯೂರಲಿಲ್ಲ. 1973ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊದಲೇ ಬಂದ ಬ್ಯಾಕ್ಟೀರಿಯಗಳು ಕರುಳಿನ ಗೋಡೆಯ ಜಾಗವನ್ನೂ ಆಹಾರವನ್ನೂ ಹಿಡಿದುಕೊಂಡು, ಆಮ್ಲ ಸ್ರವಿಸಿ ರೋಗಾಣುವನ್ನು ಹೊರಗಿಡುತ್ತವೆ. ಮುಂದಿನ ಪ್ರಯೋಗಗಳು ಇನ್ನೊಂದು ಪಾಠ ಕಲಿಸಿದವು: ಆಯ್ದ ನಾಲ್ಕಾರು ಬ್ಯಾಕ್ಟೀರಿಯ ತಳಿಗಳಿಗಿಂತ ಕರುಳಿನ ಇಡೀ ಸಮುದಾಯವೇ ಹೆಚ್ಚು ರಕ್ಷಣೆ ಕೊಡುತ್ತದೆ. ಆದರೆ ಅದರಲ್ಲಿ ಏನೇನಿದೆ ಎಂದು ಪೂರ್ತಿ ಹೇಳಲಾಗದ ಕಾರಣ ಪರವಾನಗಿ ಸಿಗುವುದು ಕಷ್ಟ.

ಮೆಲುಕು ಹಾಕುವ ಪ್ರಾಣಿಗಳಲ್ಲಿ ಕಂಡದ್ದು ಇನ್ನೂ ಸೋಜಿಗದ ಸಂಗತಿ. ನಮ್ಮ ರೈತರಿಗೂ ಪರಿಚಿತವಾದ ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷವಿದೆ. ಆಸ್ಟ್ರೇಲಿಯದ ದನಗಳು ಅದನ್ನು ಮೇದು ಸೊರಗುತ್ತಿದ್ದವು, ಹವಾಯಿಯ ಆಡುಗಳಿಗೆ ಏನೂ ಆಗುತ್ತಿರಲಿಲ್ಲ. ಗುಟ್ಟು ಹೊಟ್ಟೆಯ ಬ್ಯಾಕ್ಟೀರಿಯದಲ್ಲಿದೆ ಎಂದು ವಿಜ್ಞಾನಿ ರೇಮಂಡ್ ಜೋನ್ಸ್ 1980ರ ದಶಕದಲ್ಲಿ ತೋರಿಸಿದರು. ಹವಾಯಿಯ ಸೂಕ್ಷ್ಮಜೀವಿಗಳನ್ನು ಪಡೆದ ದನಗಳು ಆ ಸೊಪ್ಪನ್ನು ಜೀರ್ಣಿಸಿಕೊಂಡವು. 1992ರಲ್ಲಿ ಆ ಬ್ಯಾಕ್ಟೀರಿಯಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಹೆಸರಾಯಿತು.

ಸ್ವೀಡನ್ 1986ರಲ್ಲಿ, ಇಡೀ ಐರೋಪ್ಯ ಒಕ್ಕೂಟ 2006ರಲ್ಲಿ ಬೆಳವಣಿಗೆಗಾಗಿ ಆ್ಯಂಟಿಬಯೋಟಿಕ್ ಕೊಡುವುದನ್ನು ನಿಷೇಧಿಸಿದ ಮೇಲೆ ಪ್ರೋಬಯೋಟಿಕ್‌ಗೆ ಬೇಡಿಕೆ ಏರಿತು. ಫೀಡ್ ತಯಾರಿಕೆಯ ಬಿಸಿ ತಡೆಯುವ ಬೀಜಕಣಗಳಿರುವ ಬ್ಯಾಸಿಲಸ್ ಬ್ಯಾಕ್ಟೀರಿಯ ಕೋಳಿಗೂ ಹಂದಿಗೂ ಒಗ್ಗಿತು. ಹಾಲು ಕೊಡುವ ಹಸುಗಳ ಮೇವಿಗೆ ಜೀವಂತ ಯೀಸ್ಟ್ ಸೇರಿತು. ಭಾರತವೂ 2019ರಲ್ಲಿ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಔಷಧವನ್ನು ಪಶುಸಾಕಣೆಯಿಂದ ದೂರವಿಟ್ಟಿತು.

ಆದರೂ ಎಲ್ಲ ಪ್ರೋಬಯೋಟಿಕ್ ಪುಡಿಯೂ ಎಲ್ಲ ಕೊಟ್ಟಿಗೆಗೂ ಒಗ್ಗುವುದಿಲ್ಲ. ಸೂಕ್ಷ್ಮಜೀವಿಯ ತಳಿ, ಪ್ರಮಾಣ, ಪ್ರಾಣಿಯ ವಯಸ್ಸು, ಮೇವು ಬದಲಾದರೆ ಫಲವೂ ಬದಲಾಗುತ್ತದೆ. ಶುಚಿಯಾದ ಕೊಟ್ಟಿಗೆ, ಲಸಿಕೆ, ಹುಟ್ಟಿದೊಡನೆ ಕರುವಿಗೆ ಗಿಣ್ಣುಹಾಲು ಇವುಗಳ ಸ್ಥಾನವನ್ನು ಯಾವ ಪ್ರೋಬಯೋಟಿಕ್ಕೂ ತುಂಬಲಾರದು. ರೈತರು ಪೊಟ್ಟಣ ಕೊಳ್ಳುವ ಮುನ್ನ ತಳಿಯ ಹೆಸರು, ಜೀವಂತ ಕಣಗಳ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ನೋಡಲಿ. ಪಶುವೈದ್ಯರನ್ನು ಕೇಳಿಯೇ ಬಳಸಲಿ.