ಹದಿನಾರಾಣೆಯಿಂದ ಮೂವತ್ತೈದರವರೆಗೆ

ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಇಂದಾಪುರ, ಕಂದಾಯದ ಚರಿತ್ರೆ ಓದಿದವರಿಗೆ ಗೊತ್ತಿರುವ ಊರು. 1820ರ ದಶಕದ ಕೊನೆಯಲ್ಲಿ ಪ್ರಿಂಗಲ್ ಎಂಬ ಅಧಿಕಾರಿ ಈ ಸೀಮೆಯ ಹೊಲಗಳ ನಿವ್ವಳ ಉತ್ಪನ್ನವನ್ನು ಲೆಕ್ಕ ಹಾಕಿ, ಅದರಲ್ಲಿ ಶೇ. 55 ಸರ್ಕಾರದ ಪಾಲು ಎಂದು ಗೊತ್ತುಮಾಡಿದ. ಕಾಗದದ ಮೇಲೆ ಲೆಕ್ಕ ಚೊಕ್ಕವಾಗಿತ್ತು. ನೆಲದ ಮೇಲೆ ರೈತರು ಹೊಲ ಬಿಟ್ಟು ಹೋದರು. 1835-36ರಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಇಲ್ಲಿಂದಲೇ ಹೊಸ ಮೋಜಣಿ ಶುರುಮಾಡಿದರು. ದರ ಇಳಿಸಿ, 30 ವರ್ಷ ಏರಿಸುವುದಿಲ್ಲವೆಂದು ಮಾತು ಕೊಟ್ಟರು. ಬೀಳುಬಿದ್ದ ನೆಲ ಮತ್ತೆ ಸಾಗುವಳಿಗೆ ಬಂತು. ಮಣ್ಣನ್ನು ಒಂಬತ್ತು ವರ್ಗ ಮಾಡಿ ಹದಿನಾರಾಣೆಯಿಂದ ಎರಡಾಣೆಯವರೆಗೆ ಬೆಲೆ ಕಟ್ಟುವ ಅವರ ಪದ್ಧತಿ ಮುಂದೆ ಧಾರವಾಡ, ಬೆಳಗಾವಿ ಸೀಮೆಗೂ ಬಂತು.

ಅದೇ ಮುಂಬಯಿ ಸರ್ಕಾರದ ಆಳ್ವಿಕೆಯಲ್ಲಿ, ಎರಡು ದಶಕಗಳ ನಂತರ, ಹುಡುಗರಿಗೂ ಒಂದು ಅಳತೆಗೋಲು ಬಂತು. ಮುಂಬಯಿ ವಿಶ್ವವಿದ್ಯಾಲಯ 1859ರಲ್ಲಿ ಮೊದಲ ಮೆಟ್ರಿಕ್ಯುಲೇಷನ್ ಪರೀಕ್ಷೆ ನಡೆಸಿತು. ಪಾಸಾದವರು ಎರಡು ಡಜನ್ನಿಗೂ ಕಡಿಮೆ. ಮಹಾದೇವ ಗೋವಿಂದ ರಾನಡೆ, ರಾ.ಗೋ. ಭಂಡಾರ್ಕರ್ ಅವರಲ್ಲಿದ್ದರು.

ಈ ಪರೀಕ್ಷೆ ಹುಟ್ಟಿದ್ದು ಯಾಕೆಂಬುದನ್ನು ಗಮನಿಸಬೇಕು. ಅದು ಶಾಲೆ ಮುಗಿಸಿದ ಹುಡುಗನಿಗೆ ಏನು ಗೊತ್ತಿದೆ ಎಂದು ಕೇಳುವ ಪರೀಕ್ಷೆಯಾಗಿರಲಿಲ್ಲ, ಕಾಲೇಜಿನ ಬಾಗಿಲಲ್ಲಿ ನಿಂತ ಕಾವಲುಗಾರನಾಗಿತ್ತು. ಆದರೆ ಕಚೇರಿಗಳೂ ಗುಮಾಸ್ತರನ್ನು ಆರಿಸಲು ಅದನ್ನೇ ನೋಡತೊಡಗಿದವು. ಕಾಲೇಜಿನ ಕಡೆ ತಲೆಹಾಕದವನಿಗೂ ಮೆಟ್ರಿಕ್ ಬೇಕಾಯಿತು. ಈ ತೊಡಕನ್ನು ಕಂಡ ಹಂಟರ್ ಆಯೋಗ 1882ರಲ್ಲಿ ಪ್ರೌಢಶಾಲೆಯ ಮೇಲಿನ ತರಗತಿಗಳನ್ನು ಎರಡು ಕವಲು ಮಾಡಿ, ಒಂದು ವಿಶ್ವವಿದ್ಯಾಲಯಕ್ಕೆ, ಇನ್ನೊಂದು ವ್ಯಾಪಾರ-ವೃತ್ತಿಗಳಿಗೆ ಎಂದು ಸಲಹೆ ಕೊಟ್ಟಿತು. ಎರಡನೆಯ ಕವಲು ಚಿಗುರಲೇ ಇಲ್ಲ. ಬೆಲೆ ಇದ್ದದ್ದು ಮೆಟ್ರಿಕ್ಕಿಗೆ ಮಾತ್ರ.

ಶಾಲೆಯ ಕೊನೆಗೆ ಶಾಲೆಯದೇ ಪರೀಕ್ಷೆ ಎಂಬ ವಿಚಾರ ಮುಂಬಯಿ ಪ್ರಾಂತದಲ್ಲಿ ಗಟ್ಟಿಯಾಗಿ ನೆಲೆಯಾದದ್ದು ಸ್ವಾತಂತ್ರ್ಯದ ನಂತರ. 1948ರ ಕಾಯ್ದೆಯ ಮೂಲಕ ಎಸ್‌ಎಸ್‌ಸಿ ಬಂದು ಮೆಟ್ರಿಕ್ಕಿನ ಜಾಗ ಹಿಡಿಯಿತು. 1956ರವರೆಗೆ ಮುಂಬಯಿ ರಾಜ್ಯದಲ್ಲೇ ಇದ್ದ ಬಿಜಾಪುರ, ಧಾರವಾಡ, ಬೆಳಗಾವಿಯ ಮಕ್ಕಳಿಗೂ ಇಂದಾಪುರದ ಮಕ್ಕಳಿಗೂ ಹೀಗೆ ಒಂದೇ ಪರೀಕ್ಷೆ. 1966ರ ಜನವರಿ 1ರಂದು ಪುಣೆಯಲ್ಲಿ ಮಹಾರಾಷ್ಟ್ರದ ಮಂಡಳಿ ಸ್ಥಾಪನೆಯಾಯಿತು. ಆಮೇಲೆ 10+2 ಪದ್ಧತಿ ಬಂದು, ಹನ್ನೊಂದನೆಯ ತರಗತಿಯಲ್ಲಿದ್ದ ಎಸ್‌ಎಸ್‌ಸಿ ಹತ್ತಕ್ಕೆ ಇಳಿಯಿತು. ಇಂದಾಪುರದಾಚೆ ಅದೇ ದಾರಿಯಲ್ಲಿ ಸೊಲ್ಲಾಪುರ ದಾಟಿದರೆ ಅಕ್ಕಲಕೋಟೆ. ಅಲ್ಲಿಯ ಕನ್ನಡ ಶಾಲೆಗಳ ಮಕ್ಕಳು ಇವತ್ತಿಗೂ ಈ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯುತ್ತಾರೆ.

ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ನೂರಕ್ಕೆ 35 ಬಂದರೆ ಪಾಸು. ಈ 35 ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ ಅದು ಸೃಷ್ಟಿಯ ನಿಯಮವೇನೋ ಎನ್ನಿಸುತ್ತದೆ. 2019 ಅದನ್ನು ಸುಳ್ಳುಮಾಡಿತು. ಆ ವರ್ಷ ಮಹಾರಾಷ್ಟ್ರದಲ್ಲಿ ಪಠ್ಯಕ್ರಮ ಹೊಸದು. ಜೊತೆಗೆ ಭಾಷೆ ಮತ್ತು ಸಮಾಜ ವಿಜ್ಞಾನಗಳಲ್ಲಿ ಶಾಲೆಯೇ ಕೊಡುತ್ತಿದ್ದ 20 ಆಂತರಿಕ ಅಂಕಗಳನ್ನು ತೆಗೆಯಲಾಗಿತ್ತು. ಹಿಂದಿನ ವರ್ಷ ಶೇ. 89.41 ಇದ್ದ ಫಲಿತಾಂಶ ಶೇ. 77.10ಕ್ಕೆ ಕುಸಿಯಿತು. ಮರುವರ್ಷ ಆಂತರಿಕ ಅಂಕಗಳು ಮರಳಿದವು, ಫಲಿತಾಂಶ ಶೇ. 95.30. ಕೋವಿಡ್‌ನಿಂದ ಪರೀಕ್ಷೆಯೇ ರದ್ದಾದ 2021ರಲ್ಲಿ ಶೇ. 99.95. ಇಷ್ಟು ಬೇಗ ಮಕ್ಕಳ ಬುದ್ಧಿ ಕುಗ್ಗಿ ಹಿಗ್ಗುವುದಿಲ್ಲ. ಪಾಸಿನ ಗೆರೆ ಕದಲಲಿಲ್ಲ, ಅದರ ಸುತ್ತಲಿನ ನಿಯಮ ಬದಲಾಯಿತು.

ಕರ್ನಾಟಕದಲ್ಲೂ ಇದೇ ಕತೆ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಕೇಂದ್ರಗಳಿಗೆ ಕ್ಯಾಮೆರಾ ಕಣ್ಗಾವಲು ಬಂದು ಫಲಿತಾಂಶ ಬಿದ್ದಾಗ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಲಾಯಿತು. ಹಾಗಿದ್ದೂ ಪಾಸಾದವರು ಶೇ. 73.40. ಒಂದು ಕೈಯಲ್ಲಿ ಬಿಗಿ, ಇನ್ನೊಂದರಲ್ಲಿ ಸಡಿಲ. ನಕಲು ತಡೆದದ್ದು ಸರಿಯೇ. ಆದರೆ ಹತ್ತು ವರ್ಷ ಕಲಿಸಿದ್ದು ಎಷ್ಟು ಎಂಬ ಪ್ರಶ್ನೆಗೆ ಕ್ಯಾಮೆರಾ ಉತ್ತರ ಕೊಡುವುದಿಲ್ಲ, ಕೃಪಾಂಕವೂ ಕೊಡುವುದಿಲ್ಲ.

ಈಗ ಹೊಸ ನಾಣ್ಯ ಬರುತ್ತಿದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ವರ್ಷಕ್ಕೆ 1,200 ಗಂಟೆಯ ಕಲಿಕೆಗೆ 40 ಕ್ರೆಡಿಟ್. ಆಟ, ಕಸುಬು, ಕಲೆ ಎಲ್ಲಕ್ಕೂ ಅದರಲ್ಲಿ ಲೆಕ್ಕವುಂಟು. ಹಂಟರ್ ಆಯೋಗದ ಎರಡನೆಯ ಕವಲನ್ನು ಮತ್ತೆ ನೆಡುವ ಪ್ರಯತ್ನವೆಂದೂ ಇದನ್ನು ಓದಬಹುದು. ಆದರೆ ಕಾಲೇಜು ಮತ್ತು ಕಚೇರಿ ಹಳೆಯ ಅಂಕಪಟ್ಟಿಯನ್ನೇ ಕೇಳಿದರೆ ಕ್ರೆಡಿಟ್ಟಿಗೂ 1882ರ ಗತಿಯೇ.

ಪ್ರಿಂಗಲ್‌ನ ಲೆಕ್ಕ ಸೋತಾಗ ಅವನ ನಂತರದವರು ಇಂದಾಪುರದ ರೈತರನ್ನು ನಪಾಸು ಮಾಡಲಿಲ್ಲ. ಲೆಕ್ಕವನ್ನೇ ಮತ್ತೆ ಮಾಡಿದರು. ಹದಿನಾರರ ಹುಡುಗಿ 34 ತೆಗೆದಾಗ ಮಾತ್ರ ನಾವು ಅಳತೆಗೋಲನ್ನು ನೋಡುವುದಿಲ್ಲ, ಹುಡುಗಿಯನ್ನಷ್ಟೇ ನೋಡುತ್ತೇವೆ.